ಹಾಕಿ ಸ್ಕೇಟ್ ಕಾಲಿಗೆ ಕಚ್ಚುವುದೇಕೆ?

ಐಸ್ ಹಾಕಿ ಆಡಲು ಹೊರಟವರು ಸಾಮಾನ್ಯವಾಗಿ ತಮ್ಮ ಶೂ ನಂಬರನ್ನೇ ಹೇಳಿ ಸ್ಕೇಟ್, ಅಂದರೆ ತಳಕ್ಕೆ ಬ್ಲೇಡ್ ಕೂಡಿಸಿದ ಬೂಟು, ತರುತ್ತಾರೆ. ಅಂಗಡಿಯಲ್ಲಿ ಹಾಕಿ ನೋಡಿದಾಗ ಹಾಯಾಗಿರುತ್ತದೆ. ಬೆರಳಾಡಿಸಲು ಜಾಗವಿದೆ, ಎಲ್ಲೂ ಒತ್ತುವುದಿಲ್ಲ. ಕೆಲವು ದಿನ ಐಸ್ ಮೇಲೆ ಓಡಾಡುವಷ್ಟರಲ್ಲಿ ಹಿಮ್ಮಡಿ ಸುಲಿದಿರುತ್ತದೆ, ಅಂಗಾಲು ಹಿಡಿದುಕೊಂಡಿರುತ್ತದೆ, ಬೆರಳುಗಳು ಮರಗಟ್ಟಿರುತ್ತವೆ. ಆಗ ಬರುವ ದೂರು ಒಂದೇ: ‘ಸ್ಕೇಟ್ ತುಂಬಾ ಬಿಗಿ, ಕಚ್ಚುತ್ತಿದೆ.’ ಬಹಳ ಸಲ ನಡೆದಿರುವುದು ಇದಕ್ಕೆ ತದ್ವಿರುದ್ಧ. ಸ್ಕೇಟ್ ಸಡಿಲವಾಗಿರುತ್ತದೆ. ಸಡಿಲವಿದ್ದದ್ದಕ್ಕೇ ಲೇಸನ್ನು ಜೀವ ಹೋಗುವಂತೆ ಎಳೆದು ಕಟ್ಟಿರುತ್ತಾರೆ.

ಹಾಕಿ ಸ್ಕೇಟಿನ ನಂಬರ್ ಸಾಮಾನ್ಯವಾಗಿ ಅಮೆರಿಕದ ಅಳತೆಯ ಶೂ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ಇರುತ್ತದೆ. ಆ ಅಳತೆಯಲ್ಲೂ ಇಂಗ್ಲಿಷ್ ಅಳತೆಯಲ್ಲೂ ಒಂದು ಸೈಜ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಹಳೇ ಕಾಲದಲ್ಲಿ ಅದನ್ನು ಒಂದು ಬಾರ್ಲಿ ಕಾಳಿನ ಉದ್ದ ಎಂದು ಲೆಕ್ಕ ಹಿಡಿಯುತ್ತಿದ್ದರು. ಹಾಗಾದರೆ ಒಂದೂವರೆ ಸೈಜ್ ಅಂದರೆ ಅರ್ಧ ಇಂಚು. ಅಷ್ಟು ಜಾಗ ಎಲ್ಲಿಗೆ ಹೋಯಿತು? ಒಂದಿಷ್ಟು ಬರೀ ನಂಬರ್ ಹಾಕುವ ಪದ್ಧತಿಯ ವ್ಯತ್ಯಾಸ. ಉಳಿದದ್ದಕ್ಕೆ ಕಾರಣ ನಮ್ಮ ನಡಿಗೆ. ನಡೆಯುವಾಗ ಪಾದ ಬೆರಳುಗಳ ಬುಡದಲ್ಲಿ ಬಾಗುತ್ತದೆ, ಹೆಜ್ಜೆಗೊಮ್ಮೆ ತುಸು ಮುಂದೆ ಜಾರುತ್ತದೆ. ಅದಕ್ಕೇ ಶೂಗಳಲ್ಲಿ ಬೆರಳ ಮುಂದೆ ಖಾಲಿ ಬಿಟ್ಟಿರುತ್ತಾರೆ. ಸ್ಕೇಟಿನ ತಳ ಬಾಗುವುದೇ ಇಲ್ಲ. ಒಳಗೆ ಪಾದ ನಡೆಯುವುದೂ ಇಲ್ಲ. ಮುಂದೆ ಜಾಗ ಬಿಟ್ಟರೆ ಅದನ್ನು ತುಂಬಲು ಕಾಲೇ ಸರಿದಾಡಬೇಕು, ಅಷ್ಟೇ.

ಉದ್ದ ಸರಿಯಿದೆಯೇ ಎಂದು ನೋಡುವ ರೀತಿ ಹೀಗೆ. ಸ್ಕೇಟ್ ಹಾಕಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ತಟ್ಟಿ ಹಿಂದಕ್ಕೆ ಕೂರಿಸಿ, ಲೇಸ್ ಕಟ್ಟಿ ನೆಟ್ಟಗೆ ನಿಲ್ಲಬೇಕು. ಹೆಬ್ಬೆರಳಿನ ತುದಿ ಬೂಟಿನ ಮೂತಿಯಲ್ಲಿರುವ ಗಟ್ಟಿ ಟೋಪಿಗೆ (ಟೋ ಕ್ಯಾಪ್) ಮೆಲ್ಲಗೆ ಸೋಕಬೇಕು. ಈಗ ಆಟದಲ್ಲಿ ನಿಲ್ಲುವ ಹಾಗೆ ಮಂಡಿ ಬಾಗಿಸಿ. ಹಿಮ್ಮಡಿ ಇನ್ನಷ್ಟು ಹಿಂದಕ್ಕೆ ಕೂತು ಬೆರಳು ಟೋಪಿಯಿಂದ ಬಿಟ್ಟುಕೊಳ್ಳುತ್ತದೆ. ನೆಟ್ಟಗೆ ನಿಂತಾಗ ಸೋಕುತ್ತದೆ ಎಂದು ಹೆದರಿ ಅರ್ಧ ಸೈಜ್ ದೊಡ್ಡದು ತೆಗೆದುಕೊಳ್ಳುವವರು ಬಹಳ. ಐಸ್ ಮೇಲೆ ಯಾರೂ ನೆಟ್ಟಗೆ ನಿಂತು ಆಡುವುದಿಲ್ಲ ಅಲ್ವಾ? ಬಾಗಿದಾಗಲೂ ಬೆರಳು ಮಡಚಿಕೊಂಡೇ ಇದ್ದರೆ ಮಾತ್ರ ಅದು ನಿಜಕ್ಕೂ ಚಿಕ್ಕದು.

ಇನ್ನು ಹಿಮ್ಮಡಿ. ನನ್ನ ಪ್ರಕಾರ ಸ್ಕೇಟಿನ ಅಳತೆಯ ಮುಕ್ಕಾಲು ಪಾಲು ಕಥೆ ಇರುವುದು ಇಲ್ಲೇ. ಬೊಬ್ಬೆ ಹೇಗೆ ಏಳುತ್ತದೆ ಎಂದು ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಬೂಟು ಚರ್ಮವನ್ನು ಮೇಲಿನಿಂದ ಉಜ್ಜಿ ಉಜ್ಜಿ ಬೊಬ್ಬೆ ಬರಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನಡೆಯುವುದು ಒಳಗೆ. ಬೆವರಿನಿಂದ ಒದ್ದೆಯಾದ ಚರ್ಮ ಕಾಲ್ಚೀಲಕ್ಕೆ ಅಂಟಿಕೊಳ್ಳುತ್ತದೆ, ಕಾಲ್ಚೀಲ ಬೂಟಿಗೆ ಅಂಟಿಕೊಂಡಿರುತ್ತದೆ. ಹೊರಚರ್ಮ ನಿಂತಲ್ಲೇ ನಿಂತಿದೆ. ಆದರೆ ಸಡಿಲ ಬೂಟಿನಲ್ಲಿ ಹಿಮ್ಮಡಿಯ ಮೂಳೆ ಪ್ರತಿ ತಳ್ಳಿಗೂ ಒಂದಿಷ್ಟು ಮೇಲೇಳುತ್ತದೆ, ಮತ್ತೆ ಕೂರುತ್ತದೆ. ಮೂಳೆಗೂ ಹೊರಚರ್ಮಕ್ಕೂ ನಡುವೆ ಸಿಕ್ಕ ಪದರಗಳು ಆ ಕಡೆ ಈ ಕಡೆ ಎಳೆದಾಡುತ್ತವೆ. ನೂರಾರು ಸಲ ಹೀಗಾದ ಮೇಲೆ ಮೇಲ್ಚರ್ಮದ ಒಳಪದರ ಒಂದು ಕಡೆ ಹರಿಯುತ್ತದೆ, ಆ ಬಿರುಕಿಗೆ ನೀರು ತುಂಬಿಕೊಳ್ಳುತ್ತದೆ. ಅದೇ ಬೊಬ್ಬೆ. ಹಿಮ್ಮಡಿ, ಅಂಗಾಲು, ಅಂಗೈಗಳಲ್ಲೇ ಬೊಬ್ಬೆ ಜಾಸ್ತಿ ಬರುವುದಕ್ಕೂ ಇದೇ ಕಾರಣ. ಅಲ್ಲಿನ ಹೊರಚರ್ಮ ದಪ್ಪ, ತಾನು ಹರಿಯದೆ ಒಳಗಿನ ಪದರವನ್ನು ಹರಿಯಬಿಡುತ್ತದೆ.

ಇಲ್ಲಿ ದಪ್ಪ ಕಾಲ್ಚೀಲ ಹಾಕಿ ಸಡಿಲ ತುಂಬಿಸುವುದು ಕೆಲಸಕ್ಕೆ ಬಾರದ ಉಪಾಯ. ಅದು ಬೆವರು ಹೀರಿ ಮೆತ್ತಗಾಗುತ್ತದೆ, ಮೂಳೆಯ ಓಡಾಟಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಬೇಕಾಗಿರುವುದು ಹಿಮ್ಮಡಿ ಅಲುಗದಂತೆ ಹಿಡಿಯುವ ಬೂಟು ಮತ್ತು ಬೆವರು ಹೊರಹಾಕುವ ತೆಳ್ಳನೆಯ ಕಾಲ್ಚೀಲ. ಬಾಸ್ಟನ್ ಬ್ರೂಯಿನ್ಸ್ ತಂಡದ ದಂತಕತೆ ಬಾಬಿ ಆರ್ ಕಾಲ್ಚೀಲವನ್ನೇ ಹಾಕದೆ ಬರಿಗಾಲನ್ನು ಬೂಟಿಗೆ ತೂರಿಸಿ ಆಡುತ್ತಿದ್ದರು. ಇನ್ನೊಬ್ಬ ಹೆಸರಾಂತ ಐಸ್ ಹಾಕಿ ಆಟಗಾರ ಪಾಲ್ ಕಾಫಿ ತಮ್ಮ ಕಾಲಿಗಿಂತ ತೀರಾ ಚಿಕ್ಕ ಸ್ಕೇಟ್ ಹಾಕುವುದಕ್ಕೆ ಹೆಸರುವಾಸಿಯಾಗಿದ್ದರು. ಇಬ್ಬರೂ ಹುಡುಕುತ್ತಿದ್ದದ್ದು ಕಾಲಿಗೂ ಬ್ಲೇಡಿಗೂ ನಡುವೆ ಏನೂ ಅಲುಗದ ಹಿಡಿತವನ್ನು. ಇದನ್ನು ಓದಿ ನೀವೂ ಎರಡು ಸೈಜ್ ಚಿಕ್ಕದು ಕೊಳ್ಳಬೇಡಿ ಮತ್ತೆ. ಅವರಿಗೆ ಆಟ ಹೊಟ್ಟೆಪಾಡಾಗಿತ್ತು.

ಹಿಡಿತ ಬರೀ ನೋವಿನ ಪ್ರಶ್ನೆಯಲ್ಲ. ಸ್ಕೇಟಿನಲ್ಲಿ ಮುಂದೆ ಹೋಗಲು ಹಿಂದಕ್ಕೆ ತಳ್ಳಿದರೆ ಸಾಲದು, ಪಕ್ಕಕ್ಕೆ ತಳ್ಳಬೇಕು. ತೊಡೆಯಿಂದ ಹೊರಟ ಬಲವೆಲ್ಲ ಕಾಲಗಂಟನ್ನು ದಾಟಿ, ಸುಮಾರು 3 ಮಿ.ಮೀ. ದಪ್ಪದ ಬ್ಲೇಡಿನ ಒಂದು ಅಂಚಿನ ಮೂಲಕ ಐಸಿಗೆ ತಲುಪಬೇಕು. ನಡುವೆ ಸಡಿಲವಿದ್ದರೆ ಕಾಲು ಮೊದಲು ಬೂಟಿನ ಗೋಡೆಗೆ ಹೋಗಿ ತಾಗುತ್ತದೆ, ಆಮೇಲೆ ಬೂಟು ತಿರುಗುತ್ತದೆ. ಕಾವು ಅಲ್ಲಾಡುವ ಕೊಡಲಿಯಲ್ಲಿ ಸೌದೆ ಒಡೆದವರಿಗೆ ಇದು ಗೊತ್ತು. ಏಟು ಬೀಳುತ್ತದೆ, ಆದರೆ ಅಂದುಕೊಂಡ ಜಾಗಕ್ಕಲ್ಲ. ‘ನನ್ನ ಕಾಲಗಂಟು ಬಲ ಇಲ್ಲ, ಒಳಕ್ಕೆ ವಾಲುತ್ತದೆ’ ಎಂದು ಕೊರಗುವ ಹೊಸಬರಲ್ಲಿ ಎಷ್ಟೋ ಜನರ ಕಾಲಗಂಟು ಗಟ್ಟಿಯಾಗೇ ಇರುತ್ತದೆ. ದೊಡ್ಡ ಬೂಟಿನೊಳಗೆ ಅದಕ್ಕೆ ಆಸರೆ ಸಿಕ್ಕಿರುವುದಿಲ್ಲ.

ಒಂದು ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. 1860ರ ದಶಕದಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಸ್ಟಾರ್ ಕಂಪನಿ ಮಾರುತ್ತಿದ್ದ ಸ್ಕೇಟ್ ಅಂದರೆ ಬ್ಲೇಡು ಮಾತ್ರ. ಮಾಮೂಲಿ ಬೂಟಿಗೆ ಅದನ್ನು ಕ್ಲಿಪ್ಪಿನಂತೆ ಸಿಕ್ಕಿಸಿಕೊಂಡರೆ ಆಯಿತು. ಆಮೇಲೆ ಬಂದದ್ದು ಬ್ಲೇಡ್ ಕಾಯಂ ಕೂಡಿಸಿದ ಬೂಟು. ಒಂಟಾರಿಯೊದ ಕಿಚನರ್‌ನಲ್ಲಿ 1927ರಲ್ಲಿ ಶುರುವಾದ ಬಾವರ್ ಕಂಪನಿ ಇದರಲ್ಲಿ ಮುಂಚೂಣಿಯಲ್ಲಿತ್ತು. ಅಂದಿನ ಬೂಟುಗಳು ತೊಗಲಿನವು, ಹಾಕುತ್ತಾ ಹಾಕುತ್ತಾ ಕಾಲಿನ ಆಕಾರಕ್ಕೆ ಬರುತ್ತಿದ್ದವು. ಈಗಿನವು ಕಾರ್ಬನ್ ಫೈಬರ್, ಗಟ್ಟಿ ಪ್ಲಾಸ್ಟಿಕ್ ಮತ್ತು ಫೋಮಿನ ಚಿಪ್ಪುಗಳು. ಅವು ಬಲವನ್ನು ಚೆನ್ನಾಗಿ ಸಾಗಿಸುತ್ತವೆ, ಆದರೆ ಕಾಲಿಗೆ ಸುಮ್ನೆ ಒಗ್ಗುವುದಿಲ್ಲ. ಹಾಗಾಗಿ ಆಕಾರ ಮೊದಲ ದಿನವೇ ಹತ್ತಿರ ಹತ್ತಿರ ಹೊಂದಬೇಕು.

ಆಕಾರ ಅಂದರೆ ಉದ್ದ ಒಂದೇ ಅಲ್ಲ. ಒಂದೇ ಉದ್ದದ ಎರಡು ಪಾದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರ ಮುಂಭಾಗ ಅಗಲ, ಹಿಮ್ಮಡಿ ಸಣ್ಣ. ಇನ್ನೊಂದರ ಮೇಲ್ಭಾಗ ದಿಬ್ಬದಂತೆ ಎತ್ತರ. ಅದಕ್ಕೇ ಕಂಪನಿಗಳು ಒಂದೇ ನಂಬರನ್ನು ಹಲವು ಅಚ್ಚುಗಳಲ್ಲಿ ಮಾಡುತ್ತವೆ. ಬಾವರ್ ಇವುಗಳನ್ನು ಫಿಟ್ 1, 2, 3 ಎಂದು ಕರೆಯುತ್ತದೆ, ಸ್ಕೇಟ್ ಮಾಡುವ ಇನ್ನೊಂದು ಕಂಪನಿ ಸಿಸಿಎಂ ಟೇಪರ್ಡ್, ರೆಗ್ಯುಲರ್, ವೈಡ್ ಎನ್ನುತ್ತದೆ. ಕಿರಿದರಿಂದ ಅಗಲದ ಕಡೆಗೆ ಹೋಗುವ ಕ್ರಮ ಅದು. ಹೆಚ್ಚಿನವರು ಮರೆಯುವ ಅಳತೆ ಆಳದ್ದು. ಅದನ್ನು ನೋಡಲು ಒಂದು ಪೆನ್ಸಿಲ್ ಸಾಕು. ಲೇಸ್ ಕಟ್ಟದೆ ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೇ ಜೊತೆ ತೂತುಗಳ ಮೇಲೆ ಪೆನ್ಸಿಲನ್ನು ಅಡ್ಡ ಇಡಿ. ಪೆನ್ಸಿಲ್ ಎರಡೂ ಅಂಚುಗಳ ಮೇಲೆ ಕೂತು, ಕಾಲಿಗೆ ತಾಗದಿದ್ದರೆ ಆಳ ಸರಿ. ಕಾಲಿನ ದಿಬ್ಬಕ್ಕೆ ತಾಗಿ ತೂಗಾಡಿದರೆ ಬೂಟು ಆಳ ಸಾಲದು, ಕಾಲು ಹೊರಗೆ ಉಕ್ಕಿದೆ. ಅಂಥ ಬೂಟಿನಲ್ಲಿ ಲೇಸ್ ಎಷ್ಟು ಬಿಗಿದರೂ ಹಿಮ್ಮಡಿ ಹಿಂದೆ ಕೂರುವುದಿಲ್ಲ, ಮೇಲೆ ಮಾತ್ರ ಒತ್ತುತ್ತದೆ.

ಆ ಒತ್ತಿಗೆ ಆಟಗಾರರು ‘ಲೇಸ್ ಬೈಟ್’ ಎನ್ನುತ್ತಾರೆ. ಕಾಲಗಂಟಿನ ಮುಂದೆ, ಪಾದ ಬಾಗುವ ಜಾಗದಲ್ಲಿ ಬೆರಳು ಮತ್ತು ಪಾದವನ್ನು ಮೇಲೆತ್ತುವ ನಾರುಗಳು ಚರ್ಮದ ಕೆಳಗೇ ಹಾದುಹೋಗುತ್ತವೆ. ಕೈಯಿಟ್ಟು ಪಾದ ಎತ್ತಿದರೆ ಹಗ್ಗದಂತೆ ಉಬ್ಬುವುದು ಅವೇ. ಅವನ್ನು ಕಾಪಾಡಲು ಅಲ್ಲಿ ಮಾಂಸವಿಲ್ಲ. ನಾಲಿಗೆ ಸವೆದು ಮಡಚಿದರೆ, ಅಥವಾ ಲೇಸ್ ಅಲ್ಲೇ ಬಿಗಿದರೆ, ನಾರುಗಳ ಸುತ್ತ ಊತ ಬರುತ್ತದೆ. ದಪ್ಪ ನಾಲಿಗೆ, ಜೆಲ್ ಪ್ಯಾಡ್, ಅಥವಾ ಆ ಒಂದು ಜೊತೆ ತೂತು ಬಿಟ್ಟು ಲೇಸ್ ಹಾಕುವುದು ಇದಕ್ಕೆ ಪರಿಹಾರ. ಅಂಗಾಲು ಹಿಡಿದುಕೊಳ್ಳುವುದರ ಕಥೆ ಬೇರೆ. ಕಾಲಡಿಯ ಕಮಾನಿಗೆ ಆಸರೆ ಇಲ್ಲದಿದ್ದರೆ, ಹಿಮ್ಮಡಿ ಸಡಿಲವಿದ್ದರೆ, ಬೆರಳುಗಳು ನಮಗೇ ಗೊತ್ತಿಲ್ಲದಂತೆ ತಳವನ್ನು ಕಚ್ಚಿ ಹಿಡಿಯುತ್ತವೆ. ಇಡೀ ಆಟ ಹಾಗೇ ಹಿಡಿದರೆ ಸಣ್ಣ ಸ್ನಾಯುಗಳು ಸೋಲದೆ ಏನು ಮಾಡಿಯಾವು? ಇಲ್ಲಿ ಒಳಹಾಸು ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬೆರಳು ಜೋಮು ಹಿಡಿದರೆ ಮುಂಭಾಗದ ಅಗಲ ಸಾಲದೆಯೋ ಲೇಸ್ ತೀರಾ ಬಿಗಿಯಾಗಿಯೋ ನರ ಒತ್ತುತ್ತಿರಬಹುದು. ಕಾಲು ತಣ್ಣಗಾದರೂ ಹಾಗೇ. ರಕ್ತ ಹರಿಯದ ಕಾಲನ್ನು ಯಾವ ಕಾಲ್ಚೀಲವೂ ಬೆಚ್ಚಗಿಡಲಾರದು.

ಅಳತೆ ಸರಿಯಿದ್ದೂ ಅಲ್ಲಲ್ಲಿ ಒತ್ತಿದರೆ ಬೂಟನ್ನು ‘ಬೇಯಿಸುತ್ತಾರೆ’. ಹೆಸರು ಕೇಳಿ ನಗು ಬರಬಹುದು, ಆದರೆ ನಿಜಕ್ಕೂ ಒಲೆಯಲ್ಲಿಡುತ್ತಾರೆ. ಅಂಗಡಿಯ ಸ್ಕೇಟ್ ಓವನ್ನಿನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕೆಲವೇ ನಿಮಿಷ ಸಾಕು. ಬೂಟಿನ ಫೋಮ್ ಮತ್ತು ಪ್ಲಾಸ್ಟಿಕ್‌ಗಳಲ್ಲಿ ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿದ್ದಿರುತ್ತವೆ. ಬಿಸಿಗೆ ಅವು ಸ್ವಲ್ಪ ಸಡಿಲಗೊಂಡು ಜರುಗುತ್ತವೆ, ತಣಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತವೆ. ಹಾಗಾಗಿ ಮೆತ್ತಗಾದ ಬೂಟಿಗೆ ಕಾಲು ಹಾಕಿ, ಹಿಮ್ಮಡಿ ಹಿಂದೆ ಕೂರಿಸಿ, ಲೇಸ್ ಕಟ್ಟಿ, ಹತ್ತು ಹದಿನೈದು ನಿಮಿಷ ಕುರ್ಚಿಯಲ್ಲಿ ಅಲ್ಲಾಡದೆ ಕೂರಬೇಕು. ಎದ್ದು ನಿಂತರೆ ಮೆತ್ತಗಿನ ಬೂಟು ವಾಲಿದಂತೆಯೇ ಅಚ್ಚಾಗಿಬಿಡುತ್ತದೆ. ಲೇಸನ್ನು ನೇರ ಮೇಲಕ್ಕೆ ಎಳೆಯಬಾರದು, ಪಕ್ಕಕ್ಕೆ ಎಳೆಯಬೇಕು. ಇಲ್ಲದಿದ್ದರೆ ಬಿಸಿಯಲ್ಲಿ ತೂತಿನ ಬಳೆಗಳು ಕಿತ್ತು ಬರುತ್ತವೆ. ಆಮೇಲೆ ಒಂದು ದಿನ ಐಸಿನ ಕಡೆ ಹೋಗಬಾರದು. ಮನೆಯ ಓವನ್ನಿನಲ್ಲಿ ಇದನ್ನು ಮಾಡುವವರಿದ್ದಾರೆ. ನಾನಂತೂ ಬೇಡ ಎನ್ನುತ್ತೇನೆ. ಅದರ ಕಂಬಿಗಳ ಹತ್ತಿರ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ, ಅಂಟು ಬಿಟ್ಟರೆ ಬೂಟು ಕೈಬಿಟ್ಟಂತೆ.

ಬೇಯಿಸಿದರೆ ಆಕಾರ ಬದಲಾಗುತ್ತದೆ, ಉದ್ದ ಬದಲಾಗದು. ಕಾಲಗಂಟಿನ ಎಲುಬೋ ಪಾದದ ಪಕ್ಕದ ಉಬ್ಬೋ ಒಂದೇ ಜಾಗದಲ್ಲಿ ಒತ್ತುತ್ತಿದ್ದರೆ ಅಂಗಡಿಯವರು ಆ ಚುಕ್ಕೆಯನ್ನಷ್ಟೇ ಬಿಸಿ ಮಾಡಿ, ಇಕ್ಕಳದಂಥ ಸಾಧನದಿಂದ ಒಳಗಿನಿಂದ ಹೊರಕ್ಕೆ ಒತ್ತಿ ಗುಳಿ ಮಾಡಿಕೊಡುತ್ತಾರೆ. ಒತ್ತುವ ಜಾಗವನ್ನು ಅವರಿಗೆ ಸರಿಯಾಗಿ ತೋರಿಸುವುದು ಹೇಗೆ? ಎಲುಬಿನ ಮೇಲೆ ಲಿಪ್‌ಸ್ಟಿಕ್ ಹಚ್ಚಿ ಬೂಟು ಹಾಕಿ ತೆಗೆದರೆ ಒಳಗೆ ಗುರುತು ಬೀಳುತ್ತದೆ.

ಲೇಸ್ ಕಟ್ಟುವುದರಲ್ಲೂ ಒಂದು ಲೆಕ್ಕವಿದೆ. ಬೆರಳ ಕಡೆ ಸಡಿಲ, ನಡುವೆ ಹಿತವಾಗಿ, ಕಾಲಗಂಟು ತಿರುಗುವ ಜಾಗದಲ್ಲಿ ಬಿಗಿ, ತೀರಾ ಮೇಲೆ ಮತ್ತೆ ತುಸು ಸಡಿಲ. ಮೇಲಿನ ತೂತುಗಳನ್ನು ಬಿಗಿದರೆ ಮಂಡಿ ಮುಂದಕ್ಕೆ ಬಾಗದು, ಮಂಡಿ ಬಾಗದಿದ್ದರೆ ತಳ್ಳಿಗೆ ಉದ್ದ ಸಿಗದು. ಮೇಣ ಹಚ್ಚಿದ ಲೇಸ್ ಒಮ್ಮೆ ಎಳೆದಲ್ಲಿ ನಿಲ್ಲುತ್ತದೆ, ಹೀಗೆ ಬೇರೆ ಬೇರೆ ಬಿಗಿ ಬೇಕೆನ್ನುವವರಿಗೆ ಅದು ಒಳ್ಳೆಯದು.

ಕೊಳ್ಳಲು ಹೋಗುವುದು ಸಂಜೆ ಹೊತ್ತಾದರೆ ವಾಸಿ. ದಿನವಿಡೀ ನಿಂತು ನಡೆದ ಪಾದ ಬೆಳಗಿಗಿಂತ ತುಸು ಊದಿರುತ್ತದೆ. ಎರಡು ಪಾದವನ್ನೂ ನಿಂತೇ ಅಳೆಸಿ, ಏಕೆಂದರೆ ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಪಾದ ಉದ್ದವಾಗುತ್ತದೆ. ಎರಡರಲ್ಲಿ ದೊಡ್ಡದಕ್ಕೆ ಬೂಟು ನೋಡಿ. ಆಡುವಾಗ ಹಾಕುವ ಕಾಲ್ಚೀಲವನ್ನೇ ತೆಗೆದುಕೊಂಡು ಹೋಗಿ. ಲೇಸ್ ಕಟ್ಟಿದ ಮೇಲೆ ಕಾಲು ಗಂಟೆಯಾದರೂ ಹಾಕಿಕೊಂಡೇ ಕೂರಿ. ಎಲ್ಲ ಕಡೆ ಒಂದೇ ಸಮ ಅಪ್ಪಿದಂತಿದ್ದರೆ ಅದು ಒಳ್ಳೆಯ ಬಿಗಿ. ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಅದು ನಾಳೆ ಜಾಸ್ತಿಯಾಗುವ ನೋವು. ಹೊಸ ಸ್ಕೇಟಿನ ಬ್ಲೇಡಿಗೆ ಸಾಮಾನ್ಯವಾಗಿ ಸಾಣೆ ಹಿಡಿದಿರುವುದಿಲ್ಲ ಎನ್ನುವುದೂ ನೆನಪಿರಲಿ. ಹಿಡಿಸದೆ ಐಸಿಗೆ ಇಳಿದು ಜಾರಿದರೆ ತಪ್ಪು ಬೂಟಿನದಲ್ಲ.

ಮಕ್ಕಳಿಗೆ ಮಾತ್ರ ಅರ್ಧ ಸೈಜ್ ಹೆಚ್ಚು ಕೊಡಬಹುದು, ಅಂದರೆ 4 ಮಿ.ಮೀ. ಚಿಲ್ಲರೆ. ಅದಕ್ಕಿಂತ ದೊಡ್ಡದು ಕೊಂಡು ‘ಮುಂದಿನ ವರ್ಷಕ್ಕೂ ಆಗುತ್ತದೆ’ ಎಂದರೆ ಈ ವರ್ಷ ಮಗು ಸ್ಕೇಟಿಂಗ್ ಕಲಿಯುವುದೇ ಇಲ್ಲ. ದುಡ್ಡು ಉಳಿಸಬೇಕಾದರೆ ಒಬ್ಬರು ಬಳಸಿ ಬಿಟ್ಟ, ಸರಿ ಅಳತೆಯ ಜೋಡಿ ಹುಡುಕುವುದು ಮೇಲು. ಅದನ್ನು ಕೊಳ್ಳುವಾಗ ಬೂಟಿನ ಕಾಲಗಂಟಿನ ಭಾಗವನ್ನು ಎರಡೂ ಕೈಯಿಂದ ಒಳಕ್ಕೆ ಹಿಂಡಿ ನೋಡಿ. ಬಟ್ಟೆಯಂತೆ ಮಡಚಿಕೊಂಡರೆ ಬಿಟ್ಟುಬಿಡಿ. ಗಟ್ಟಿಯಿದ್ದರೆ ತಿರುಗಿಸಿ ಬ್ಲೇಡಿನಲ್ಲಿ ಇನ್ನೂ ಸಾಣೆ ಹಿಡಿಸುವಷ್ಟು ಉಕ್ಕು ಉಳಿದಿದೆಯೇ ನೋಡಿ.