ಆ ದಿನ ಕುಡಿದ ಸೋಡಾ

ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿ ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಒಂದು ಬಗೆಯದ್ದನ್ನು ಎರಡೇ ಪುಟದಲ್ಲಿ ಗುರುತು ಹಿಡಿಯುತ್ತೇನೆ. ಬರೆದವರ ಬಾಲ್ಯ ಕಷ್ಟದ್ದು. ಹಸಿವು, ಸಾವು, ಮನೆಯಲ್ಲಿ ಕುಡಿತ, ಊರು ಬಿಟ್ಟು ಬಂದಿದ್ದು. ಎಲ್ಲವೂ ನಿಜ. ಆದರೆ ಓದುತ್ತಾ ಹೋದರೆ ಹತ್ತು ವರ್ಷದ ಹುಡುಗ ಎಲ್ಲೂ ಸಿಗುವುದಿಲ್ಲ. ಆ ಹುಡುಗನನ್ನು ನೆನೆದು ಮರುಗುವ ದೊಡ್ಡವರೇ ಪುಟದ ತುಂಬಾ ಇರುತ್ತಾರೆ.

ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಇಂಥದ್ದೊಂದು ಕಾದಂಬರಿ ತಂದರು. ಹಾಸ್ಟೆಲ್‌ನಲ್ಲಿದ್ದಾಗ ಅಪ್ಪ ತೀರಿಕೊಂಡ ಕಥೆ. ಆ ಅಧ್ಯಾಯದಲ್ಲಿ ‘ವಿಧಿಯ ಆಟ’, ‘ಬದುಕಿನ ಕ್ರೌರ್ಯ’ ಬೇಕಾದಷ್ಟಿತ್ತು. ನಾನು ಕೇಳಿದೆ, “ಸರ್, ನಿಮ್ಮನ್ನ ಕರ್ಕೊಂಡು ಹೋಗೋಕೆ ಯಾರು ಬಂದ್ರು? ದಾರೀಲಿ ಏನಾಯ್ತು?”

ಬಹಳ ಹೊತ್ತು ಸುಮ್ಮನಿದ್ದರು. “ಸೋದರಮಾವ ಬಂದಿದ್ರು. ಏನೂ ಹೇಳಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಗೋಲಿ ಸೋಡಾ ಕೊಡಿಸಿದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಇನ್ನೊಂದು ಬೇಕು ಅಂದೆ. ಅದನ್ನ ಹೇಗೆ ಬರೀಲಿ ಮೇಡಂ? ಅಪ್ಪ ಸತ್ತ ದಿನ ಮಗ ಸೋಡಾ ಕುಡಿದು ತೇಗಿದ ಅಂತ?”

ಅದನ್ನೇ ಬರೆಯಬೇಕು ಅಂದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕಂಡಿದ್ದು ಇದು: ನಾಚಿಕೆಯಿಂದಲೋ ತಪ್ಪು ಮಾಡಿದೆ ಎಂಬ ಅಳುಕಿನಿಂದಲೋ ಬಚ್ಚಿಟ್ಟ ಸಣ್ಣ ಸಂಗತಿಯಲ್ಲೇ ಆ ಕಾಲದ ಮಗು ಉಳಿದುಕೊಂಡಿರುತ್ತದೆ.

ಮಕ್ಕಳ ಲೇಖಕಿ ಜುಡಿತ್ ಕೆರ್ ಅವರನ್ನೇ ನೋಡಿ. ಹುಟ್ಟಿದ್ದು 1923ರಲ್ಲಿ, ಬರ್ಲಿನ್‌ನಲ್ಲಿ. ಯಹೂದಿ ಮನೆತನ. ತಂದೆ ಹೆಸರಾಂತ ನಾಟಕ ವಿಮರ್ಶಕರು, ನಾಜಿಗಳ ವಿರುದ್ಧ ಬಹಿರಂಗವಾಗಿ ಬರೆದವರು. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ಕುಟುಂಬ ದೇಶ ಬಿಟ್ಟಿತು. ಸ್ವಿಟ್ಜರ್‌ಲೆಂಡ್, ಪ್ಯಾರಿಸ್, ಆಮೇಲೆ ಲಂಡನ್. ಇದನ್ನು ಮಕ್ಕಳಿಗೆ ಹೇಳಲು ಬರೆದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್’ ಕಾದಂಬರಿಯಲ್ಲಿ ಅವರು ದೊಡ್ಡ ದೊಡ್ಡ ಘಟನೆಗಳನ್ನು ಮುಂದಿಡಲಿಲ್ಲ. ಕಥೆಯ ಒಂಬತ್ತು ವರ್ಷದ ಹುಡುಗಿ ಅನ್ನಾಗೆ ಒಂದೇ ಒಂದು ಆಟಿಕೆ ತೆಗೆದುಕೊಂಡು ಹೋಗಬಹುದು ಎನ್ನುತ್ತಾರೆ. ಅವಳು ಹೊಸ ಉಣ್ಣೆ ನಾಯಿಯನ್ನು ತೆಗೆದುಕೊಂಡು, ಹಳೆಯ ಗುಲಾಬಿ ಮೊಲವನ್ನು ಬಿಟ್ಟು ಹೋಗುತ್ತಾಳೆ. ಆಮೇಲೆ ಮನೆ ಸಾಮಾನೆಲ್ಲ ನಾಜಿಗಳ ಪಾಲಾಯಿತು ಎಂದು ತಿಳಿದಾಗ ಅವಳಿಗೆ ಚುಚ್ಚುವುದು ಆ ಮೊಲ. ಇಷ್ಟು ದಿನ ಜೊತೆಗಿದ್ದದ್ದನ್ನು ಬಿಟ್ಟು ನಾಯಿಯನ್ನು ಯಾಕೆ ಆರಿಸಿಕೊಂಡೆ ಅಂತ.

ಅದೇ ಪುಸ್ತಕದಲ್ಲಿ ಅನ್ನಾ, ದೊಡ್ಡ ಮನುಷ್ಯರಾದವರಿಗೆಲ್ಲ ಕಷ್ಟದ ಬಾಲ್ಯ ಇತ್ತು ಎಂದು ಓದುತ್ತಾಳೆ. ನನ್ನದು ಕಷ್ಟದ ಬಾಲ್ಯವಾ ಅಂತ ಯೋಚಿಸುತ್ತಾಳೆ. ಎಲ್ಲರೂ ಒಟ್ಟಿಗಿದ್ದೇವಲ್ಲ, ಹಾಗಾದರೆ ಅಲ್ಲ ಅಂದುಕೊಳ್ಳುತ್ತಾಳೆ. ನಿರಾಶ್ರಿತ ಮಗುವಿಗೆ ತಾನು ನಿರಾಶ್ರಿತೆ ಎಂಬ ಅರಿವು ಇಡೀ ದಿನ ಇರುವುದಿಲ್ಲ. ಆಟ ಇರುತ್ತದೆ, ಜಗಳ ಇರುತ್ತದೆ. ಇದನ್ನು ಬಿಟ್ಟು ಬರೆದರೆ ಮಕ್ಕಳು ನಂಬುವುದಿಲ್ಲ.

ಈ ಪುಸ್ತಕ ಬಂದಿದ್ದು 1971ರಲ್ಲಿ, ಸುಮಾರು ನಾಲ್ಕು ದಶಕ ಕಳೆದ ಮೇಲೆ. “ಎಷ್ಟು ವರ್ಷ ಕಾಯಬೇಕು?” ಅಂತ ಕಮ್ಮಟಗಳಲ್ಲಿ ನನ್ನನ್ನು ಕೇಳುತ್ತಾರೆ. ಲೆಕ್ಕ ಇಲ್ಲ. ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಮೂರೇ ವರ್ಷ ತೆಗೆದುಕೊಂಡರು. 1974ರಲ್ಲಿ ಅವರ ಎಂಟು ವರ್ಷದ ಮಗನ ಜೀವದ ಗೆಳತಿ ಸಿಡಿಲು ಬಡಿದು ತೀರಿಕೊಂಡಳು. ಆ ಸಾವಿನಿಂದ ಹುಟ್ಟಿದ ಕಾದಂಬರಿ ‘ಬ್ರಿಜ್ ಟು ಟೆರಬಿತಿಯಾ’ ಬಂದಿದ್ದು 1977ರಲ್ಲಿ. ಆದರೆ ಆ ಮೂರು ವರ್ಷ ಸಲೀಸಾಗಿರಲಿಲ್ಲ. ಅದೇ 1974ರಲ್ಲಿ ಅವರಿಗೂ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿತ್ತು. ಕಥೆಯ ಹುಡುಗಿ ಸಾಯುವ ಜಾಗಕ್ಕೆ ಬಂದಾಗ ಅವರ ಕೈ ಮುಂದೆ ಹೋಗಲೇ ಇಲ್ಲ. ನಿನಗೆ ಎದುರಿಸಲಾಗದೆ ಇರುವುದು ಆ ಹುಡುಗಿಯ ಸಾವನ್ನಲ್ಲ, ನಿನ್ನದೇ ಸಾವನ್ನು ಅಂತ ಗೆಳತಿಯೊಬ್ಬರು ಅಂದರಂತೆ. ಅದಾದ ಮೇಲೆ ಬರೆದು ಮುಗಿಸಿದರು.

ಸಿಡಿಲಿನ ಬದಲು ಕಥೆಯಲ್ಲಿ ಹಳ್ಳ ದಾಟುವ ಹಗ್ಗ ಕಡಿಯುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಆ ಹುಡುಗಿ ಲೆಸ್ಲಿ ಸಾಯುವ ದಿನ ಅವಳ ಗೆಳೆಯ ಜೆಸ್ ಊರಲ್ಲಿರುವುದಿಲ್ಲ. ಇಷ್ಟದ ಟೀಚರ್ ಜೊತೆ ವಾಷಿಂಗ್ಟನ್‌ನಲ್ಲಿ ಚಿತ್ರಗಳನ್ನು ನೋಡುತ್ತಿರುತ್ತಾನೆ. ಲೆಸ್ಲಿಯನ್ನೂ ಕರೆಯೋಣ ಅಂತ ಬಾಯಿ ಬಿಟ್ಟಿರುವುದಿಲ್ಲ. ಅವನಿಗೆ ಅದು ತುಂಬಾ ಖುಷಿಯ ದಿನ. ನಮ್ಮ ಮೇಷ್ಟ್ರ ಸೋಡಾ ಕೂಡ ಅದೇ ಅಲ್ವಾ?

ಕೊನೆಗೆ ಜೆಸ್‌ನನ್ನು ಹುಡುಕಿಕೊಂಡು ಬಂದು ಅಪ್ಪಿ ಹಿಡಿಯುವವನು, ಅಲ್ಲಿಯವರೆಗೆ ಅಷ್ಟಾಗಿ ಹತ್ತಿರವಾಗದ ಅವನ ಅಪ್ಪ. ಓದುವ ಮಗುವಿಗೂ ಹಿಡಿದುಕೊಳ್ಳಲು ಒಂದು ಕೈ ಬೇಕು. ಎಷ್ಟೇ ಕತ್ತಲೆಯ ಕಥೆಯಾದರೂ ಅಂಥ ಒಬ್ಬರು ಇದ್ದಾರಾ ಎಂದು ನಾನು ಹುಡುಕುತ್ತೇನೆ. ಇಲ್ಲದಿದ್ದರೆ ಹಸ್ತಪ್ರತಿಯನ್ನು ವಾಪಸ್ ಕೊಟ್ಟು ಮಾತಿಗೆ ಕೂರುತ್ತೇನೆ. ಬರೆಯಲು ಕೂತರೆ ಮೈ ನಡುಗುತ್ತದೆ, ನಿದ್ದೆ ಬರುತ್ತಿಲ್ಲ ಎನ್ನುವವರಿಗೆ ಹೇಳುವುದು ಬೇರೆ. ಸದ್ಯಕ್ಕೆ ಅದನ್ನು ನಿಮಗಾಗಿ ಮಾತ್ರ ಬರೆದುಕೊಳ್ಳಿ, ಹತ್ತಿರದವರ ಜೊತೆಗೋ ಆಪ್ತಸಮಾಲೋಚಕರ ಜೊತೆಗೋ ಮಾತಾಡಿ. ಪುಸ್ತಕಕ್ಕೆ ಅವಸರವೇನಿಲ್ಲ.

ಇನ್ನೊಂದು ಮಾತು. ನಮ್ಮ ಕಷ್ಟದ ಕಥೆಯಲ್ಲಿ ಬೇರೆಯವರ ಪಾಲೂ ಇರುತ್ತದೆ. ಪ್ಯಾಟರ್ಸನ್ ಅವರ ಪುಸ್ತಕದ ಅರ್ಪಣೆ ಚಿಕ್ಕದು. ಮಗನಿಗಾಗಿ ಇದನ್ನು ಬರೆದೆ, ಓದಿದ ಮೇಲೆ ಗೆಳತಿಯ ಹೆಸರನ್ನೂ ಹಾಕು ಎಂದ, ಹಾಕಿದ್ದೇನೆ ಎಂದಿದೆ. ನಾನು ಲೇಖಕರಿಗೆ ಮೊದಲು ತೋರಿಸುವ ಪುಟ ಅದು. ಮೇಷ್ಟ್ರಿಗೂ ಹೇಳಿದೆ, ನಿಮ್ಮ ಅಕ್ಕ ಇದ್ದಾರಲ್ಲ, ಅವರಿಗೆ ಓದಿ ಹೇಳಿ ಅಂತ.

ಓದಿ ಹೇಳಿ ಫೋನ್ ಮಾಡಿದರು. “ಅಕ್ಕ ಒಂದು ವಿಷಯ ಹೇಳಿದ್ಲು ಮೇಡಂ. ನಂಗೆ ಸೋಡಾ ಕೊಡಿಸಿ, ಮಾವ ಅಂಗಡಿ ಹಿಂದೆ ಹೋಗಿ ಅತ್ತಿದ್ರಂತೆ. ಆಮೇಲೆ ಅವರೇ ಅಕ್ಕನ ಹತ್ರ ಹೇಳಿಕೊಂಡಿದ್ರಂತೆ. ಅದನ್ನ ಸೇರಿಸ್ಲಾ?”

“ನೀವು ನೋಡಿದ್ರಾ?” ಅಂದೆ.

“ಅಳೋದು ನೋಡಿಲ್ಲ. ಹಿಂದೆ ಹೋಗಿದ್ದು ನೆನಪಿದೆ. ಬಂದಾಗ ಮುಖ ಒದ್ದೆ ಇತ್ತು. ತೊಳ್ಕೊಂಡು ಬಂದಿರಬೇಕು ಅಂದುಕೊಂಡಿದ್ದೆ.”

“ಹಾಗೇ ಬರೀರಿ ಸರ್,” ಅಂದೆ.