ಮೇಕೆ ಹಾಲು ಕಾಯಿಸಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸಾಯುತ್ತಾ?

ಪ್ರಶ್ನೆ: ಮಗಳಿಗೆ ಡೆಂಗ್ಯೂ ಬಂದಿದೆ. ಪ್ಲೇಟ್‌ಲೆಟ್ ಏರಲಿ, ಹಸಿ ಮೇಕೆ ಹಾಲು ಕುಡಿಸಿ ಅಂತ ಸಿಕ್ಕವರೆಲ್ಲ ಹೇಳುತ್ತಿದ್ದಾರೆ. ಆದರೆ ಮೇಕೆ ಹಾಲಿನಲ್ಲಿ ಆಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಇರುತ್ತದೆ ಅಂತ ಓದಿದೆ. ಕಾಯಿಸಿದರೆ ಅದು ಸಾಯುತ್ತಾ? ಕುಡಿಸಬಹುದಾ?

ಉತ್ತರ: ಸಾಯುತ್ತದೆ. ಕಾಯಿಸಿ ಕುಡಿಸಬಹುದು. ಹಸಿಯಾಗಿ ಮಾತ್ರ ಬೇಡವೇ ಬೇಡ.

ಔಷಧಿಗೆ ಬಗ್ಗದ್ದು ಬೆಂಕಿಗೂ ಬಗ್ಗುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅವೆರಡಕ್ಕೂ ಸಂಬಂಧವಿಲ್ಲ. ಪೆನಿಸಿಲಿನ್ನನ್ನು ಒಡೆದು ಹಾಕುವ ಕಿಣ್ವ ಇದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಬಿಸಿ ತಡೆದುಕೊಳ್ಳುವುದಿಲ್ಲ. ಹಾಲಿನಲ್ಲಿ ನಾವು ಹೆದರುವ ಸ್ಟೆಫೈಲೋಕಾಕಸ್, ಇ. ಕೋಲಿ, ಬ್ರೂಸೆಲ್ಲಾ ಎಲ್ಲವೂ 72 ಡಿಗ್ರಿಯಲ್ಲಿ 15 ಸೆಕೆಂಡ್, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟರೆ ಸಾಯುತ್ತವೆ. ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿ ಬರುವಾಗ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ.

ಇನ್ನು ಪ್ಲೇಟ್‌ಲೆಟ್ ವಿಷಯ. ಡೆಂಗ್ಯೂನಲ್ಲಿ ಅದು ಕೆಲವು ದಿನ ಇಳಿಯುತ್ತದೆ. ಕಾಯಿಲೆ ಹಿಂದೆ ಸರಿದಾಗ ಹೆಚ್ಚಿನವರಲ್ಲಿ ತಾನಾಗಿಯೇ ಏರುತ್ತದೆ. ಆ ಹೊತ್ತಿಗೆ ಮೇಕೆ ಹಾಲು ಕುಡಿದಿದ್ದರೆ ಹೆಸರು ಹಾಲಿಗೆ ಬರುತ್ತದೆ, ಅಷ್ಟೇ. ಹಾಲಿನಿಂದಲೇ ಏರಿತು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಮೊದಲೇ ಸುಸ್ತಾದ ಮೈಗೆ ಹಸಿ ಹಾಲಿನಿಂದ ವಾಂತಿ ಭೇದಿಯೂ ಸೇರಿಕೊಂಡರೆ? ಡೆಂಗ್ಯೂನಲ್ಲಿ ಮೈಯ ನೀರು ಕಳೆದುಕೊಳ್ಳುವುದು ದೊಡ್ಡ ಅಪಾಯ. ನನಗೆ ಚಿಂತೆಯಾಗುವುದು ಅದಕ್ಕೇ.

ಈ ಹಟಮಾರಿ ಬ್ಯಾಕ್ಟೀರಿಯಾ ಹಾಲಿಗೆ ಬರುವುದು ಎಲ್ಲಿಂದ? ಒಮ್ಮೆ ಕೊಟ್ಟಿಗೆಯಲ್ಲಿ ನಿಂತು ಹಾಲು ಕರೆಯುವುದನ್ನು ನೋಡಿ. ಮೇಕೆಯ ಕೆಚ್ಚಲು ನೆಲಕ್ಕೆ ಹತ್ತಿರ. ಹಿಕ್ಕೆ, ಗಂಜಲ, ಮಣ್ಣು ಎಲ್ಲ ಮೊಲೆತೊಟ್ಟಿಗೆ ಮೆತ್ತಿಕೊಂಡಿರುತ್ತದೆ. ಕರೆಯುವವರ ಕೈಯಲ್ಲಿರುವುದೂ ಅಲ್ಲಿಗೇ ಸೇರುತ್ತದೆ. ಹಾಗೆ ಒಳಗೆ ಹೋದ ಬ್ಯಾಕ್ಟೀರಿಯಾದಿಂದ ಕೆಚ್ಚಲು ಬಾವು ಬರುತ್ತದೆ. ಕೆಚ್ಚಲು ಬಿಸಿಯಾಗಿ ಊದಿಕೊಂಡು, ಹಾಲು ಗಡ್ಡೆ ಗಡ್ಡೆಯಾಗಿ ಬಂದರೆ ಯಾರಿಗಾದರೂ ತಿಳಿಯುತ್ತದೆ. ಎಷ್ಟೋ ಸಲ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಸೋಂಕು ಮಾತ್ರ ಒಳಗಿರುತ್ತದೆ.

ಆಗ ಸಾಕಿದವರು ಮೆಡಿಕಲ್ ಶಾಪ್‌ಗೆ ಹೋಗುತ್ತಾರೆ. ಹೋದ ಸಲ ಹಸುವಿಗೆ ಕೊಟ್ಟ ಔಷಧಿಯನ್ನೇ ತಂದು ಕೊಡುತ್ತಾರೆ. ಎರಡು ದಿನಕ್ಕೆ ಬಾವು ಇಳಿದರೆ ನಿಲ್ಲಿಸಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಪಶು ವೈದ್ಯರು ಹತ್ತಿರದಲ್ಲಿ ಸಿಗುವುದಿಲ್ಲ, ಕೈಯಲ್ಲಿ ದುಡ್ಡಿರುವುದಿಲ್ಲ. ಆದರೆ ಔಷಧಿ ಬಿದ್ದಾಗ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತದೆ, ಬಗ್ಗದ್ದು ಉಳಿದು ಬೆಳೆಯುತ್ತದೆ. ತಪ್ಪು ಔಷಧಿ, ತಪ್ಪು ಪ್ರಮಾಣ, ಪದೇ ಪದೇ ಬಳಕೆ ಆದರಂತೂ ಉಳಿದದ್ದಕ್ಕೆ ಹಬ್ಬ.

ಇನ್ನೂ ಒಂದಿದೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರೆ ನಮ್ಮ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದೆ, ಅಲ್ವಾ? ಬ್ಯಾಕ್ಟೀರಿಯಾಗಳಲ್ಲೂ ಇಂಥ ಕೊಡು-ಕೊಳ್ಳುವಿಕೆ ಇದೆ. ಔಷಧಿಯನ್ನು ಎದುರಿಸುವ ಗುಟ್ಟು ಹಲವು ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹಸಿ ಹಾಲಿನ ಜೊತೆ ಹೊಟ್ಟೆಗೆ ಹೋದ ಇ. ಕೋಲಿ ನಿಮಗೆ ಅವತ್ತೇ ಏನೂ ಮಾಡದೇ ಇರಬಹುದು. ಸುಮ್ನೆ ಕರುಳಲ್ಲಿ ಕೂತಿರುತ್ತದೆ, ತನ್ನ ಗುಟ್ಟನ್ನು ಅಲ್ಲಿರುವ ಬೇರೆಯವಕ್ಕೂ ಕೊಡುತ್ತದೆ. ಮುಂದೊಂದು ದಿನ ಉರಿಮೂತ್ರ ಬಂದಾಗ ಮಾತ್ರೆ ನಾಟದೇ ಹೋಗಬಹುದು. ನಾಲ್ಕು ದಿನದ ಮಾತ್ರೆಯಲ್ಲಿ ಹೋಗಬೇಕಾದ ಕಾಯಿಲೆಗೆ ಆಸ್ಪತ್ರೆ ಸೇರಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಗಬಹುದು. ಹಾಲಿನ ನೆನಪು ಆಗ ಯಾರಿಗೆ ಇರುತ್ತದೆ?

ಹಸಿ ಮೇಕೆ ಹಾಲಿನಲ್ಲಿ ಬ್ರೂಸೆಲ್ಲಾ ಕೂಡ ಇರಬಹುದು. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ವರ್ಷಗಟ್ಟಲೆ ಈ ಬ್ಯಾಕ್ಟೀರಿಯಾ ತರುವ ಜ್ವರದಿಂದ ನರಳುತ್ತಿದ್ದರು. ಅದು ಬರುತ್ತಿದ್ದುದು ಮೇಕೆಗಳಿಂದ ಅಂತ 1905ರಲ್ಲಿ ಅಲ್ಲಿನ ವೈದ್ಯ ಥೆಮಿಸ್ಟೋಕ್ಲೀಸ್ ಝಮ್ಮಿಟ್ ಕಂಡುಹಿಡಿದರು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದರು, ಜ್ವರ ತಟ್ಟನೆ ಇಳಿಯಿತು. ಆ ಜ್ವರ ನಮ್ಮಲ್ಲಿ ಇಂದಿಗೂ ಇದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು. ಟೈಫಾಯಿಡ್ ಅಂತಲೋ ಟಿಬಿ ಅಂತಲೋ ಅಂದುಕೊಂಡು ತಿಂಗಳು ಕಳೆದುಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಆರು ವಾರ ಎರಡು ಔಷಧಿ ತೆಗೆದುಕೊಳ್ಳಬೇಕು. ಅದರಲ್ಲಿ ಹಲವು ಸಲ ರಿಫಾಂಪಿಸಿನ್ ಇರುತ್ತದೆ. ಟಿಬಿಗೂ ಅದೇ ಮುಖ್ಯ ಔಷಧಿ. ಅರ್ಧಕ್ಕೆ ಬಿಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಬಿಡಬಹುದು, ಅದಕ್ಕೇ ಬಿಡಬಾರದು.

ಕಾಯಿಸಿದರೂ ಹೋಗದವು ಎರಡು ಇವೆ. ಒಂದು, ಸ್ಟೆಫೈಲೋಕಾಕಸ್ ಬಿಟ್ಟ ವಿಷ. ಕರೆದ ಹಾಲನ್ನು ಸೆಕೆಯಲ್ಲಿ ಗಂಟೆಗಟ್ಟಲೆ ಇಟ್ಟು ಆಮೇಲೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಕುಡಿದ ಕೆಲವೇ ಗಂಟೆಗಳಲ್ಲಿ ವಾಂತಿ. ಆದ್ದರಿಂದ ಹಾಲು ತಂದ ತಕ್ಷಣ ಕಾಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ.

ಇನ್ನೊಂದು, ಮೇಕೆಗೆ ಕೊಟ್ಟ ಔಷಧಿಯ ಅಂಶ. ಎಷ್ಟು ದಿನ ಹಾಲು ಮಾರಬಾರದು ಅಂತ ಔಷಧಿಯ ಲೇಬಲ್ಲಿನ ಮೇಲೇ ಬರೆದಿರುತ್ತದೆ. ಪಾಲಿಸದಿದ್ದರೆ ಅದು ನಮ್ಮ ಲೋಟಕ್ಕೆ ಬರುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರು ಇದನ್ನು ಗಮನದಲ್ಲಿಡಬೇಕು. ಔಷಧಿಯ ಅಂಶ ಜಾಸ್ತಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾವೂ ಸತ್ತು ಹಾಲು ಮೊಸರಾಗುವುದಿಲ್ಲ. ಒಳ್ಳೆ ಹೆಪ್ಪು ಹಾಕಿದರೂ ಒಂದೇ ಮನೆಯ ಹಾಲು ಪದೇ ಪದೇ ಮೊಸರಾಗದಿದ್ದರೆ ಹಾಲು ಕೊಡುವವರನ್ನು ಕೇಳಿ: ‘ಮೇಕೆಗೆ ಇಂಜೆಕ್ಷನ್ ಏನಾದರೂ ಹಾಕಿಸಿದ್ರಾ?’ ಮೊಸರಾಯಿತು ಅಂದ ಮಾತ್ರಕ್ಕೆ ಔಷಧಿ ಇಲ್ಲವೇ ಇಲ್ಲ ಅಂತಲೂ ಅಲ್ಲ.

ನಿಮ್ಮ ಮಗಳಿಗೆ ಈಗಾಗಲೇ ಯಾರಾದರೂ ಹಸಿ ಹಾಲು ಕುಡಿಸಿದ್ದರೆ ಗಾಬರಿ ಬೇಡ, ಆದರೆ ಡಾಕ್ಟರಿಂದ ಮುಚ್ಚಿಡಬೇಡಿ. ಡೆಂಗ್ಯೂ ವಾಸಿಯಾಗಿ ಕೆಲವು ವಾರದ ಮೇಲೆ ಮತ್ತೆ ಜ್ವರ ಬಂದರೆ, ‘ಹಸಿ ಮೇಕೆ ಹಾಲು ಕುಡಿದಿದ್ದಳು’ ಅಂತ ಮೊದಲೇ ಹೇಳಿ. ಬ್ರೂಸೆಲ್ಲಾ ಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ಹೊಳೆಯುವುದು ಆ ಮಾತಿನಿಂದಲೇ.