ಮಲಗಿದ್ದ ಮೊಲ ಎದ್ದು ಓಡಾಡಿದ್ದು ಯಾಕೆ?

ಮಂಡ್ಯ ಕಡೆ ಬೇಲಿ ಸಾಲಲ್ಲಿ ಓಡಾಡಿದವರಿಗೆ ನಸುಗುನ್ನಿ ಗೊತ್ತು. ಕಾಯಿ ಮೈಗೆ ತಾಗಿದರೆ ಸಾಕು, ತುರಿಕೆ ತಡೆಯೋಕಾಗಲ್ಲ. ಅದರ ಬೀಜದಿಂದ ಎಲ್-ಡೋಪಾ ಅನ್ನುವ ವಸ್ತುವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಮದ್ರಾಸಿನಲ್ಲಿ ಬೇರ್ಪಡಿಸಿದ್ದರು. ಇವತ್ತು ಮೈಸೂರಿನಲ್ಲಿ ಪಾರ್ಕಿನ್‌ಸನ್ (ಕೈ ನಡುಗುವ, ಮೈ ಬಿಗಿಯಾಗುವ ಕಾಯಿಲೆ) ಇರುವ ಹಿರಿಯರು ದಿನಾ ನುಂಗುವ ಮಾತ್ರೆಯಲ್ಲಿ ಇರೋದೂ ಅದೇ. (ಹಾಗಂತ ಬೀಜದ ಪುಡಿ ತಿನ್ನಬೇಡಿ. ಎಷ್ಟು ಔಷಧಿ ಒಳಗೆ ಹೋಯಿತು ಅಂತ ಲೆಕ್ಕವೇ ಸಿಗಲ್ಲ.) ಎಲ್-ಡೋಪಾ ಮಿದುಳಿನಲ್ಲಿ ಏನು ಮಾಡುತ್ತೆ ಅಂತ ತೋರಿಸಿಕೊಟ್ಟವರು ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್.

ಅವರ ಕೆಲಸ ಶುರುವಾಗಿದ್ದೂ ನಮ್ಮದೇ ಇನ್ನೊಂದು ಗಿಡದಿಂದ. ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಅನ್ನುವ ಔಷಧಿ ತೆಗೆದಿದ್ದರು. ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಚುಚ್ಚಿದರು. ಮೊಲ ಮುದುಡಿ ಕೂತಿತು, ಕಿವಿ ಜೋತುಬಿತ್ತು, ಮುಟ್ಟಿದರೂ ಅಲ್ಲಾಡಲಿಲ್ಲ. ಆಮೇಲೆ ಎಲ್-ಡೋಪಾ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಿವಿ ನಿಮಿರಿ, ಮೊಲ ಓಡಾಡತೊಡಗಿತು! ಇದು 1957ರ ಮಾತು.

ಆಗ ಎಲ್ಲರೂ ನಂಬಿದ್ದೇನು ಅಂದರೆ, ಎಲ್-ಡೋಪಾ ದೇಹದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಆಗುತ್ತೆ, ಅದು ಮುಂದೆ ನರಗಳ ನಡುವೆ ಸುದ್ದಿ ಸಾಗಿಸುವ ನಾರ್‌ಅಡ್ರಿನಲಿನ್ ಆಗುತ್ತೆ, ಕೆಲಸ ಮಾಡೋದು ಆ ಕೊನೆಯದ್ದು, ಡೋಪಮೈನ್ ಸುಮ್ನೆ ನಡುವಿನ ಒಂದು ಹಂತ. ಕಾರ್ಲ್‌ಸನ್ ತಂಡ ಎಚ್ಚೆತ್ತ ಮೊಲದ ಮಿದುಳನ್ನು ಅಳೆದು ನೋಡಿದರೆ, ರಿಸರ್ಪಿನ್ ಖಾಲಿ ಮಾಡಿದ್ದ ನಾರ್‌ಅಡ್ರಿನಲಿನ್ ವಾಪಸ್ ಬಂದೇ ಇರಲಿಲ್ಲ. ತುಂಬಿದ್ದು ಡೋಪಮೈನ್. ಅಂದರೆ ಮೊಲವನ್ನು ಎಬ್ಬಿಸಿದ್ದು ಅದೇ ಅಲ್ವಾ? ಆದರೂ 1960ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ.

ಹೆಸರು ತಂದದ್ದು ಮೊಲ. ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅವರ 1963ರ ಕೆಲಸ. ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಜೊತೆ ಸೇರಿ, ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜಿನ್, ಹ್ಯಾಲೊಪೆರಿಡಾಲ್ ಔಷಧಿಗಳನ್ನು ಇಲಿಗಳಿಗೆ ಕೊಟ್ಟರು. ಇವುಗಳೂ ರಿಸರ್ಪಿನ್ ಹಾಗೇ ಪ್ರಾಣಿಯನ್ನು ಮಂಕಾಗಿಸುತ್ತವೆ. ಆದರೆ ಡೋಪಮೈನ್ ಕಡಿಮೆ ಆಗಿರಲಿಲ್ಲ, ಅದು ಖರ್ಚಾದ ಗುರುತು ಮಾತ್ರ ಹೆಚ್ಚಾಗಿತ್ತು. ಇದೇನು ಒಗಟು? ನಾಲೆಯ ಕೊನೇ ಭಾಗದ ತೂಬಿಗೆ ಕಲ್ಲು ಅಡ್ಡ ಬಿದ್ದರೆ ಅಲ್ಲಿಯ ರೈತರು ನೀರಿಲ್ಲ ಅಂತ ಗಲಾಟೆ ಮಾಡ್ತಾರೆ, ಮೇಲಿಂದ ಇನ್ನಷ್ಟು ನೀರು ಬಿಡ್ತಾರೆ, ಗದ್ದೆ ಮಾತ್ರ ಒಣಗೇ ಇರುತ್ತೆ. ಮಿದುಳಲ್ಲೂ ಹಾಗೇ ಆಗಿರಬೇಕು, ಔಷಧಿ ಕೂತಿರೋದು ನರಕೋಶದಲ್ಲಿ ಡೋಪಮೈನ್ ಸ್ವೀಕರಿಸುವ ಜಾಗದ, ಅಂದರೆ ರಿಸೆಪ್ಟರ್ ಮೇಲೆ ಅಂತ ಅವರು ಊಹಿಸಿದರು. ಆ ರಿಸೆಪ್ಟರನ್ನು ಆಗ ಯಾರೂ ಕಂಡಿರಲಿಲ್ಲ! 1975ರ ಸುಮಾರಿಗೆ ಟೊರಾಂಟೊದ ಫಿಲಿಪ್ ಸೀಮನ್, ಬಾಲ್ಟಿಮೋರಿನ ಸಾಲೊಮನ್ ಸ್ನೈಡರ್ ತಂಡಗಳು ವಿಕಿರಣದ ಗುರುತು ಹಚ್ಚಿದ ಔಷಧಿ ಬಳಸಿ ಅದನ್ನು ಪತ್ತೆ ಮಾಡಿದವು. ಯಾವ ಔಷಧಿ ರಿಸೆಪ್ಟರನ್ನು ಬಿಗಿಯಾಗಿ ಹಿಡಿಯುತ್ತೋ, ರೋಗಿಗೆ ಅದು ಅಷ್ಟು ಕಡಿಮೆ ಸಾಕು ಅನ್ನೋದೂ ತಿಳಿಯಿತು.

ಕಾರ್ಲ್‌ಸನ್‌ಗೆ ನೊಬೆಲ್ ಬಂದಿದ್ದು 2000ದಲ್ಲಿ, ಆಗ ಅವರಿಗೆ 77 ವರ್ಷ.

ಇದು ಮನೆಮಂದಿಗೂ ಬೇಕಾದ ವಿಷಯ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರೆ ಕೂಡ ಮಿದುಳಿನ ಇದೇ ರಿಸೆಪ್ಟರನ್ನು ತಡೆಯುತ್ತೆ, ಡೋಪಮೈನ್ ಮೊದಲೇ ಕಡಿಮೆಯಾಗಿರುವ ಪಾರ್ಕಿನ್‌ಸನ್ ರೋಗಿಗಳಿಗೆ ಕೊಟ್ಟರೆ ನಡುಕ, ಬಿಗಿತ ಜಾಸ್ತಿಯಾಗಬಹುದು. ಅಜ್ಜನಿಗೆ ವಾಂತಿ ಅಂತ ಮೆಡಿಕಲ್ ಸ್ಟೋರಿಗೆ ಓಡುವ ಮುಂಚೆ, ಯಾವ ಮಾತ್ರೆ ಆಗಬಹುದು ಅಂತ ಅವರ ಡಾಕ್ಟರನ್ನು ಕೇಳಿ.